ಆಡಿನ ಮರಿ ನೋಡ್ಕೊಂತ ನಿಂತರ ಹೊತ್ತು ಹಾಳಾಗೋದಿಲ್ಲ



ಈ ಸಲದ ಗೋಡೆ ಪತ್ರಿಕೆಯ ‘ನನ್ನ ಅಭಿಪ್ರಾಯ’ಕ್ಕೆ ಏನಾದರೂ ಬರಿ ಅಂತ ಕನ್ನಡ ಗುರುಗಳು ಹೇಳಿದರು. ಪರಿಸರ ಮಾಲಿನ್ಯದ ಬಗ್ಗೆ ಹೋದ ಸಲ ಬಂದದ. ಸಮಯಪಾಲನೆಯ ಬಗ್ಗೆ ಅದಕ್ಕೂ ಹಿಂದಿನ ಸಲ ಬಂದದ. ಅದಕ್ಕ ನಾನು ಸಮಯ ಹಾಳು ಮಾಡೋದರ ಬಗ್ಗೆ ಬರೀತೀನಿ. ಅಂದ್ರ, ಎಲ್ಲರೂ ಯಾವುದನ್ನು ಸಮಯ ಹಾಳು ಅಂತಾರೋ ಅದು ಹಾಳಲ್ಲ ಅಂತ ನನ್ನ ವಾದ.

ಪ್ರಾಣಿಗಳನ್ನು ನೋಡ್ಕೊಂತ ನಿಲ್ಲೋದು ನನಗೆ ಬಹಳ ಇಷ್ಟ. ಆಡಿನ ಮರಿ ಸುಮ್ಮ ಸುಮ್ಮನೇ ನಾಲ್ಕೂ ಕಾಲು ಎತ್ತಿ ಜಿಗಿಯೋದು, ಕೋಳಿಯ ರೆಕ್ಕೆಯ ಸಂದಿಯಿಂದ ಒಂದು ಪಿಳ್ಳಿ ಇಣುಕೋದು, ಎಮ್ಮಿ ತನ್ನ ಕರದ ಮುಖ ನೆಕ್ಕಿ ನೆಕ್ಕಿ ಅದರ ಕೂದಲೆಲ್ಲ ಒಂದೇ ಕಡೆ ಬಾಚಿದಂಗ ಮಾಡೋದು. ಇವನ್ನು ನೋಡಿದರ ಹೊಟ್ಟಿಯೊಳಗ ಏನೋ ತಂಪಾದಂಗ ಆಗ್ತದ. ಆದರೆ ದೊಡ್ಡವರು ಬಂದು, “ಏನ್ ನೋಡ್ತೀ ಅಲ್ಲಿ? ಅದನ್ನ ನೋಡಿದ್ರ ಹೊಟ್ಟಿ ತುಂಬತದೇನು? ಹೋಗು, ಓದ್ಕೋ ಹೋಗು” ಅಂತಾರ. ಅವರೇ ರಾತ್ರಿ ಉಂಡು ಕುಂತು ಮೊಬೈಲಿನಾಗ ಬೆಕ್ಕಿನ ಮರಿಯ ವಿಡಿಯೋ ಅರ್ಧ ತಾಸು ನೋಡ್ತಾರ. ಮೊಬೈಲಿನ ಬೆಕ್ಕು ನೋಡಿದರ ಹಾಳಲ್ಲ, ಹಿತ್ತಲದಾಗಿನ ಆಡು ನೋಡಿದರ ಹಾಳು! ಇದು ಯಾವ ನ್ಯಾಯ?

ಮರಿ ಕಂಡ ಕೂಡಲೇ ನಮಗ ಯಾಕೆ ಮುದ್ದು ಉಕ್ಕತದ ಅಂತ ವಿಜ್ಞಾನ ಗುರುಗಳನ್ನು ಕೇಳಿದೆ. ಆಸ್ಟ್ರಿಯಾ ದೇಶದ ಕಾನ್ರಾಡ್ ಲೊರೆಂಜ್ ಎಂಬ ವಿಜ್ಞಾನಿ 1943ರಲ್ಲೇ ಇದರ ಬಗ್ಗೆ ಬರೆದಿದ್ದರಂತೆ. ಮೈಗೆ ಹೋಲಿಸಿದರೆ ದೊಡ್ಡ ತಲೆ, ಎತ್ತರದ ಹಣೆ, ದೊಡ್ಡ ಕಣ್ಣು, ಗುಂಡು ಗಲ್ಲ, ಗಿಡ್ಡ ಕೈಕಾಲು. ಇವು ಕೂಸಿನ ಗುರುತು. ಕೂಸು ಅಳಿದರೆ ನಾವು ಎತ್ತಿಕೊಳ್ಳಲಿ ಅಂತ ಪ್ರಕೃತಿ ನಮ್ಮ ಮನಸ್ಸಿನಾಗ ಈ ಗುರುತುಗಳಿಗೆ ಕರಗುವ ಗುಣ ಇಟ್ಟದ. ಅದೇ ಗುರುತು ನಾಯಿಮರಿಯಲ್ಲಿ, ಕರದಲ್ಲಿ ಕಂಡರೂ ಮನಸ್ಸು ಕರಗತದ. ಅಂದ್ರ ಇದು ಹುಡುಗಾಟಿಕಿ ಅಲ್ಲ. ದೊಡ್ಡವರಿಗೂ ಹಂಗೇ ಆಗ್ತದ, ಅವರು ಹೇಳೋದಿಲ್ಲ ಅಷ್ಟೇ. ಈ ಲೊರೆಂಜ್ ಅವರ ಹಿಂದೆ ಹೆಬ್ಬಾತುಕೋಳಿಯ ಮರಿಗಳು ಸಾಲಾಗಿ ನಡೆಯುತ್ತಿದ್ದವು. ಮೊಟ್ಟೆಯಿಂದ ಹೊರಬಂದ ಕೂಡಲೇ ಅವರನ್ನೇ ನೋಡಿದ್ದರಿಂದ ಅವರನ್ನೇ ತಾಯಿ ಅಂತ ತಿಳಿದಿದ್ದವು. ಹಿಂಗ ಹಕ್ಕಿ ಪ್ರಾಣಿ ನೋಡ್ಕೊಂತ ನಿಂತವರಿಗೆ 1973ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ಅಪ್ಪಗ ಇದನ್ನ ಹೇಳಿದೆ. “ನಿನಗ ಬಂದಾಗ ಹೇಳು” ಅಂದ.

ಈಗ ನಮ್ಮೂರಿನ ಮಾತು. ಕಮತಗಿ ಅಂದ್ರ ನೇಕಾರರ ಊರು, ಮಗ್ಗದ ಸಪ್ಪಳ ಇಲ್ಲದ ಓಣಿ ಕಡಿಮೆ. ಆದರೂ ಬಹಳ ಮನಿಯಾಗ ಒಂದೆರಡು ಆಡು ಇರ್ತಾವು. ಊರ ಹೊರಗ ಎರಿ ಹೊಲ. ಬೆಳೆ ತೆಗೆದ ಮೇಲೆ ಕುರಿಗಾರರು ಬಂದು ಆ ಹೊಲದಾಗ ಕುರಿ ತರುಬತಾರ. ರಾತ್ರಿ ಕುರಿ ಮಲಗಿದರ ಹೊಲಕ್ಕ ಗೊಬ್ಬರ, ಕುರಿಗಾರರಿಗೆ ಕಾಳೋ ರೊಕ್ಕವೋ. ನೀವು ಯಾರಾದರೂ ಸಂಜೀಮುಂದ ಅಲ್ಲಿ ನಿಂತು ನೋಡೀರೇನು? ನೋಡಿಲ್ಲ ಅಂದ್ರ ಈ ಚಳಿಗಾಲದಾಗ ಒಂದು ದಿನ ಹೋಗಿ ನೋಡ್ರಿ. ನಮ್ಮ ಜಿಲ್ಲೆಯಲ್ಲಿ ನೋಡಲೇಬೇಕಾದ ಸ್ಥಳ ಅಂತ ಪಾಠದಾಗ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಬರೀತಾರ. ನಾನಾದರೆ ಇದನ್ನೂ ಸೇರಸ್ತಿದ್ದೆ.

ಏನಾಗ್ತದ ಅಂದ್ರ, ಸಣ್ಣ ಮರಿಗಳನ್ನು ಮೇಯಾಕ ಒಯ್ಯೋದಿಲ್ಲ. ಬಲಿ ಹಾಕಿ ಅದರೊಳಗ ಬಿಟ್ಟಿರ್ತಾರ. ಇಡೀ ದಿನ ಅವು ಒಂದರ ಮೇಲೊಂದು ಹತ್ತಿ, ಬಿದ್ದು, ನಿದ್ದಿ ಮಾಡಿ ಹೊತ್ತು ಕಳೀತಾವು. ಹೊತ್ತು ಮುಳುಗೋ ಮುಂದ ದೂರದಾಗ ಧೂಳು ಏಳತದ. ಕುರಿ ಇನ್ನೂ ಕಾಣೋದಿಲ್ಲ, ಅಷ್ಟರಾಗೇ ಮರಿಗಳಿಗೆ ಗೊತ್ತಾಗ್ತದ. ಒಂದು ‘ಬ್ಯಾ’ ಅಂತದ, ಆಮೇಲೆ ಎಲ್ಲವೂ ಶುರು. ಆ ಕಡೆಯಿಂದ ತಾಯಂದಿರು ಒದರತಾವು, ಈ ಕಡೆಯಿಂದ ಮಕ್ಕಳು. ಕುರಿಗಾರ ಬಲಿ ಎತ್ತಿದ ಅಂದ್ರ ಮುಗೀತು, ನೂರಾರು ಮರಿ, ನೂರಾರು ಕುರಿ, ಒಂದೇ ಗದ್ದಲ. ಇದರಾಗ ಯಾರ ಮರಿ ಯಾರಿಗೆ ಸಿಗಬೇಕು ಅನಿಸ್ತದ. ತಪ್ಪು ಕುರಿ ಹತ್ತಿರ ಹೋದ ಮರಿಗೆ ಅದು ಮೂಸಿ ನೋಡಿ ತಲಿಯಿಂದ ನೂಕತದ, “ನಡಿ, ನೀ ನನ್ನ ಮಗ ಅಲ್ಲ” ಅಂದಂಗ. ಸ್ವಲ್ಪ ಹೊತ್ತಿನಾಗ ಗದ್ದಲ ಕಡಿಮೆ ಆಗ್ತಾ ಬರತದ. ಎಲ್ಲಾ ಮರಿಗಳೂ ಮೊಣಕಾಲೂರಿ, ಬಾಲ ಅಳ್ಳಾಡಿಸ್ಕೊಂತ ಹಾಲು ಕುಡೀತಿರ್ತಾವು. ಹಾಜರಿ ಪುಸ್ತಕ ಇಲ್ಲ, ನಂಬರ್ ಇಲ್ಲ, ಎಲ್ಲರೂ ತಮ್ಮ ತಮ್ಮ ತಾಯಿ ಹತ್ತಿರ. ನಮ್ಮ ಸಾಲಿಯ ಬಿಸಿಯೂಟದ ಸಾಲು ಇಷ್ಟು ಚಂದ ಆಗೋದಿಲ್ಲ.

ಕೆಲವು ಗುರುಗಳು (ಯಾರು ಅಂತ ಹೇಳೋದಿಲ್ಲ) ನಮಗ ಸಿಟ್ಟು ಬಂದಾಗ “ಕುರಿಗಳು” ಅಂತ ಬೈತಾರ. ಕುರಿ ಅಂದ್ರ ದಡ್ಡ ಅಂತ ಅವರ ಅರ್ಥ. ಇದಕ್ಕ ಉತ್ತರ ಸಿಕ್ಕದ. ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯ ಕೀತ್ ಕೆಂಡ್ರಿಕ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಕುರಿಗಳಿಗೆ ಬೇರೆ ಕುರಿಗಳ ಮುಖದ ಚಿತ್ರ ತೋರಿಸಿ ಪರೀಕ್ಷೆ ಮಾಡಿದರು. ಕುರಿಗಳು 50 ಬೇರೆ ಬೇರೆ ಕುರಿಗಳ ಮುಖವನ್ನು 2 ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟಿದ್ದವು ಅಂತ 2001ರಲ್ಲಿ ಪ್ರಕಟಿಸಿದರು. ನಾವು ಹೋದ ವರ್ಷದ ಸಮಾಜ ಪಾಠದ ರಾಜರ ಹೆಸರು ನೆನಪಿಟ್ಟೀವೇನು? ಇನ್ನು ಮುಂದೆ ಯಾರಾದರೂ ಕುರಿ ಅಂತ ಕರೆದರೆ ನಾನು ಸುಮ್ಮನೆ ನಗತೀನಿ.

ನಮ್ಮ ಹಿರಿಯರೂ ಹಿಂಗ ನೋಡ್ಕೊಂತ ನಿಂತವರೇ. ಬಾದಾಮಿಯ ಮೊದಲನೇ ಗುಹೆಯ ಬಾಗಿಲ ಹತ್ತಿರ ದ್ವಾರಪಾಲಕನ ಕೆಳಗೆ ಒಂದು ಕೆತ್ತನೆ ಅದ. ಒಂದೇ ತಲೆ, ಎರಡು ಮೈ. ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ಬಸವ. ಆನೆಯ ಹಣೆ, ಎತ್ತಿನ ಕುತ್ತಿಗೆ ಎಲ್ಲೆಲ್ಲಿ ತಿರುಗತದ ಅಂತ ದಿನಗಟ್ಟಲೆ ನೋಡದೇ ಇದನ್ನು ಕೆತ್ತಾಕ ಬರೋದಿಲ್ಲ. ಅಲ್ಲಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು, ಅಂದ್ರ 1400 ವರ್ಷಕ್ಕೂ ಹಿಂದಿನ ಮಾತು. ಆ ಕಲ್ಲುಕುಟಿಗನಿಗೂ ಯಾರಾದರೂ “ಏನ್ ನೋಡ್ತೀ ಅಲ್ಲಿ” ಅಂತ ಬೈದಿರಬೇಕು.

ಬಾದಾಮಿ ಅಂದ ಕೂಡಲೇ ಮಂಗ್ಯಾ ನೆನಪಾಗ್ತಾವು. ಪ್ರವಾಸಕ್ಕ ಹೋದಾಗ ಎಲ್ಲರೂ ಗುಹೆಗಿಂತ ಅವನ್ನೇ ಹೆಚ್ಚು ನೋಡಿದ್ದು, ಸುಳ್ಳು ಹೇಳಬ್ಯಾಡ್ರಿ. ತಾಯಿ ಗ್ವಾಡಿಯಿಂದ ಗ್ವಾಡಿಗೆ ಜಿಗೀತದ, ಮರಿ ಹೊಟ್ಟಿ ಹಿಡಕೊಂಡು ಜೋತಾಡತದ, ಬೀಳೋದಿಲ್ಲ. ಒಂದಕ್ಕೊಂದು ಮೈ ಕೆದರಿ ಹೇನು ಆರಿಸಿದಂಗ ಮಾಡ್ತಾವಲ್ಲ, ಅದು ಥೇಟ್ ನಮ್ಮ ಆಯಿ ಮತ್ತು ಬಾಜೂ ಮನಿ ಆಯಿ ಕಟ್ಟಿ ಮ್ಯಾಲೆ ಕುಂತಂಗ. ಆ ಮಂಗಗಳಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಸಾಯೋ ತನಕ ಇರ್ತಾವಂತೆ, ಗಂಡುಗಳೇ ಹೆಚ್ಚಾಗಿ ಬೇರೆ ಗುಂಪಿಗೆ ಹೋಗ್ತಾವು. ಇದನ್ನ ಕೇಳಿ ನಮ್ಮ ಅವ್ವ, “ಮಂಗಗಳೇ ಬೇಸಿ” ಅಂದಳು. ಆದರೆ ಅಲ್ಲಿ ಜನ ಬಿಸ್ಕೀಟು, ಕುರುಕಲು ಪಾಕೀಟು ಎಸೀತಾರ. ಆಗ ಆ ಮಂಗಗಳ ಚಂದ ಎಲ್ಲಾ ಹೋಗಿ ಜಗಳ ಶುರು. ಮೈ ಕೆದರ್ಕೊಂತ ಕುಂತವು ಹಲ್ಲು ಕಿಸೀತಾವು, ದೊಡ್ಡ ಗಂಡು ಮರಿ ಇದ್ದ ತಾಯಿಯನ್ನೂ ಬಿಡದೆ ಓಡಸ್ತದ. ಕೊಡದೇ ಇದ್ದಾಗ ನೋಡಾಕ ಸಿಗೋದು ಕೊಟ್ಟಾಗ ಸಿಗೋದಿಲ್ಲ.

ಇದೇ ನನ್ನ ಮುಖ್ಯ ಮಾತು. ಮುದ್ದು ಅನಿಸಿದ್ದನ್ನೆಲ್ಲ ಕೈಯಾಗ ಹಿಡೀಬೇಕು ಅಂತ ನಮಗ ಯಾಕೆ ಅನಿಸ್ತದೋ ಗೊತ್ತಿಲ್ಲ. ನೋಡೋದು ಬ್ಯಾರೆ, ಹಿಡಿಯೋದು ಬ್ಯಾರೆ. ಹೋದ ವರ್ಷ ನಮ್ಮ ಮನಿಯಾಗ ಆದದ್ದನ್ನು ಬರೀತೀನಿ, ಓದಿ ಆಮೇಲೆ ಬೇಕಾದರ ಸಿಟ್ಟಾಗ್ರಿ.

ನಮ್ಮ ಆಡು ಎರಡು ಮರಿ ಹಾಕಿತು. ನಾನು ಸಾಲಿಯಾಗಿದ್ದೆ. ಆಯಿ ಒಬ್ಬಾಕಿನೇ ಇದ್ದಳು. ಮೊದಲನೇ ಮರಿ ಬಿದ್ದು, ಆಡು ಅದನ್ನ ನೆಕ್ಕಿ ಒಣಗಿಸ್ತಿತ್ತು. ಎರಡನೇದು ಬಿತ್ತು. ಆಯಿ ಬಿಸಿನೀರು ತರಾಕ ಒಳಗ ಹೋದಳು. ಅಷ್ಟರಾಗ ಓಣಿಯ ನಾಲ್ಕು ಹುಡುಗರು (ಹೆಸರು ಬೇಡ, ಅವರಿಗೇ ಗೊತ್ತು) ಬಂದು ಎರಡನೇ ಮರಿ ಎತ್ಕೊಂಡು ಓಡಿದರು. ಎಲ್ಲಾ ಮನಿಗೂ ತೋರಿಸಿ, ಮೈಯೆಲ್ಲ ಹೊಲಸಾಗೇದ ಅಂತ ನಳದ ಕೆಳಗ ಹಿಡಿದು ಸೋಪು ಹಚ್ಚಿ ತೊಳೆದರು. ಪ್ರೀತಿಯಿಂದಲೇ ಮಾಡಿದರು, ಅದನ್ನ ನಾನು ಒಪ್ಪತೀನಿ. ತಾಸಿನ ಮೇಲೆ ತಂದು ಬಿಟ್ಟರು. ಮರಿ ಗಮ ಗಮ ಅಂತಿತ್ತು. ತಾಯಿ ಮೂಸಿ ನೋಡಿತು, ತಲಿಯಿಂದ ಗುದ್ದಿತು. ಮತ್ತ ಬಂತು, ಮತ್ತ ಗುದ್ದಿತು. ಮರಿ ಗ್ವಾಡಿಗೆ ಬಿತ್ತು.

ಆಡಿಗೆ ಮರಿಯ ಗುರುತು ಅಂದ್ರ ವಾಸನಿ. ಹಾಕಿದ ಮೊದಲ ಹೊತ್ತಿನಾಗ ನೆಕ್ಕಿ ನೆಕ್ಕಿ ಅದನ್ನ ತಿಳ್ಕೊಂಡಿರತದ. ಅಮೆರಿಕದ ಪೀಟರ್ ಕ್ಲೋಫರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರಂತೆ. ಹುಟ್ಟಿದ ಕೂಡಲೇ 5 ನಿಮಿಷ ಮರಿಯನ್ನು ತಾಯಿ ಹತ್ತಿರ ಬಿಟ್ಟರೆ ಸಾಕು, ಆಮೇಲೆ ಸ್ವಲ್ಪ ಹೊತ್ತು ದೂರ ಒಯ್ದು ತಂದರೂ ತಾಯಿ ಒಪ್ಪತದ. ಆ 5 ನಿಮಿಷವನ್ನೂ ಕೊಡದೆ ಒಯ್ದರೆ ಹೆಚ್ಚಿನ ತಾಯಂದಿರು ತಾವೇ ಹಡೆದ ಮರಿಯನ್ನು ಒಲ್ಲೆ ಅಂತಾವು. ಐದೇ ನಿಮಿಷ! ನಾವು ಶಾಲೆ ಬಿಟ್ಟ ಮೇಲೆ ಚಪ್ಪಲಿ ಹುಡುಕೋದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಮ್ಮ ಆಯಿ ಯಾವ ವಿಜ್ಞಾನವನ್ನೂ ಓದಿಲ್ಲ. ಆದರೆ ಆಕಿಗೆ ಇದು ಗೊತ್ತಿತ್ತು. ಮೊದಲನೇ ಮರಿಯ ಮೈ ಒರೆಸಿದ ಅರಿವೆಯಿಂದ ಎರಡನೇದರ ಮೈ ತಿಕ್ಕಿದಳು. ತಾಯಿಯ ಹಾಲನ್ನೇ ಹಿಂಡಿ ಅದರ ಬೆನ್ನಿಗೆ, ಬಾಲಕ್ಕೆ ಸವರಿದಳು. ಅಪ್ಪ ಆಡಿನ ಕಾಲು ಹಿಡಿದ, ನಾನು ಕೊಂಬು ಹಿಡಿದೆ, ಆಯಿ ಮರಿ ಬಾಯಿಗೆ ಮೊಲೆ ಕೊಟ್ಟಳು. ಹಗಲೂ ರಾತ್ರಿ, ದಿನಕ್ಕ ಐದಾರು ಸಲ ಹಿಂಗ. ಮಗ್ಗ ನಿಲ್ಲಿಸಿ ಎದ್ದು ಬರಬೇಕು, ಸೀರಿ ಕೆಲಸ ಹಿಂದ ಬಿತ್ತು. ಆಡು ಒಪ್ಪಲೇ ಇಲ್ಲ. ಆರನೇ ದಿನಕ್ಕ ಆಯಿ, “ಇದಕ್ಕ ಇನ್ನ ನಾನೇ ತಾಯಿ” ಅಂದಳು, ಬಾಟಲಿ ಹಚ್ಚಿದಳು. ಮರಿ ಬದುಕಿತು. ಓಣಿಯವರೆಲ್ಲ ಅದಕ್ಕ ‘ಸೋಪಿ’ ಅಂತ ಹೆಸರಿಟ್ಟರು.

ಸೋಪಿ ಆಯಿ ಹಿಂದ ಹಿಂದ ತಿರುಗತದ, ಲೊರೆಂಜ್ ಅವರ ಹಿಂದ ಹಕ್ಕಿ ಮರಿ ತಿರುಗಿದಂಗ. ಗುಡಿಗೆ ಹೋದರ ಗುಡಿ ತನಕ, ಅಂಗಡಿಗೆ ಹೋದರ ಅಂಗಡಿ ತನಕ. ಒಮ್ಮೆ ಮಗ್ಗದ ಕುಣಿಯೊಳಗ ಇಳಿದು ಅಪ್ಪನ ಕಾಲ ಹತ್ತಿರ ಮಲಗಿತ್ತು, ಇನ್ನೊಮ್ಮೆ ರೇಶಿಮಿ ಎಳಿ ಮೇಯ್ದು ಬಡಿಸಿಕೊಂಡಿತು. ಬಂದವರೆಲ್ಲ “ಎಷ್ಟು ಮುದ್ದು!” ಅಂತಾರ. ಆದರೆ ನಾನು ದಿನಾ ನೋಡೋಳು, ನನಗೆ ಬ್ಯಾರೆ ಕಾಣತದ. ಸಂಜೀ ಮುಂದ ತಾಯಿ ಆಡು ಮೇಯ್ದು ಬಂದಾಗ ಇನ್ನೊಂದು ಮರಿ ಓಡಿ ಹೋಗತದ. ಸೋಪಿ ಎದ್ದು ನಿಲ್ಲತದ, ಹೋಗೋದಿಲ್ಲ. ಸ್ವಲ್ಪ ಹೊತ್ತು ನೋಡಿ ಬಂದು ಆಯಿಯ ಸೆರಗು ಕಡೀತದ. ಅದಕ್ಕ ಆಡುಗಳ ಜೋಡಿ ಇರೋದು ಇನ್ನೂ ಸರಿಯಾಗಿ ಬಂದಿಲ್ಲ.

ಮೊಬೈಲಿನ ವಿಡಿಯೋದಾಗೂ ಹಿಂಗೇ ಇರ್ತದ. ಕಾಡುಪಾಪದ ಜಾತಿಯ ಒಂದು ಪ್ರಾಣಿಗೆ ಕಚಗುಳಿ ಇಡೋ ವಿಡಿಯೋ 2009ರ ಸುಮಾರಿಗೆ ಜಗತ್ತೆಲ್ಲ ಹರಡಿತ್ತಂತೆ. ಅದು ಎರಡೂ ಕೈ ಎತ್ತತದ, ನೋಡಿದವರು ಖುಷಿಯಾಗೇದ ಅಂದ್ಕೊಂಡರು. ಆ ಪ್ರಾಣಿಯ ತೋಳಿನ ಒಳಗಡೆ ವಿಷದ ಗ್ರಂಥಿ ಅದ. ಅಂಜಿಕಿ ಆದಾಗ ತನ್ನನ್ನು ಉಳಿಸಿಕೊಳ್ಳಾಕ ಅದು ಕೈ ಎತ್ತತದ. ಅದರ ಅಂಜಿಕಿ ನಮಗ ಮುದ್ದು ಆಗಿತ್ತು. ಬರೇ ಒಂದು ನಿಮಿಷದ ವಿಡಿಯೋ ನೋಡಿದರ ಇದು ತಿಳಿಯೋದಿಲ್ಲ. ಒಂದೇ ಪ್ರಾಣಿಯನ್ನು ಬಹಳ ದಿನ ನೋಡಬೇಕು. ಅದಕ್ಕೇ ಹೇಳಿದ್ದು, ಹಿತ್ತಲದಾಗಿನ ಆಡು ಮೊಬೈಲಿನ ಬೆಕ್ಕಿಗಿಂತ ಮೇಲು ಅಂತ.

ಇನ್ನು ಮಾರೋ ವಿಷಯ. ಇದನ್ನ ಬರೀಬ್ಯಾಡ ಅಂತ ಗೆಳತಿ ಅಂದಳು, ಆದರೂ ಬರೀತೀನಿ. ಸೋಪಿಯ ಅಣ್ಣ ಮರಿಯನ್ನ ಅಪ್ಪ ಅಮೀನಗಡದ ಸಂತಿಗೆ ಒಯ್ದು ಮಾರಿದ. ತಾಯಿ ಆಡು ಎರಡು ದಿನ ಬಾಗಿಲ ಕಡೆ ಮುಖ ಮಾಡಿ ಒದರಿತು. ಮಾರಬಾರದು ಅಂತ ನಾನು ಹೇಳೋದಿಲ್ಲ. ಆ ರೊಕ್ಕದಾಗ ನನ್ನ ನೋಟಬುಕ್ ಬಂದಾವು, ಆಯಿಯ ಕಣ್ಣಿನ ಔಷಧ ಬಂದದ. ಸಾಕೋರೂ ನಾವೇ, ಮಾರೋರೂ ನಾವೇ, ಮನಿಯಾಗ ಆಡು ಇರೋರಿಗೆಲ್ಲ ಇದು ಗೊತ್ತು. ಆ ಮರಿ ನಾಲ್ಕು ತಿಂಗಳದು ಇತ್ತು, ತಪ್ಪಲ ತಿಂತಿತ್ತು, ಹಾಲು ಬಿಟ್ಟಿತ್ತು. ಆದರೆ ಸಂತಿಯಾಗ ನಾನು ಇನ್ನೂ ಹಾಲು ಕುಡಿಯೋ ಮರಿಗಳನ್ನು ನೋಡೀನಿ. ತಾಯಿಯ ಕೆಚ್ಚಲು ತುಂಬಿ ಕಾಣಲಿ ಅಂತ ಮರಿಯ ಬಾಯಿಗೆ ಹಗ್ಗ ಸುತ್ತಿರ್ತಾರ. ತಾಯಿ ಒಬ್ಬರಿಗೆ, ಮರಿ ಇನ್ನೊಬ್ಬರಿಗೆ. ಇದನ್ನ ನಾನು ಒಪ್ಪೋದಿಲ್ಲ. ಮೂರು ತಿಂಗಳಾದರೂ ತಾಯಿ ಜೋಡಿ ಬಿಡಬೇಕು.

ಅಪ್ಪ ಇದಕ್ಕ ಒಂದು ಮಾತು ಹೇಳಿದ. “2023ರಾಗ ಮಳಿ ಕೈಕೊಟ್ಟಾಗ ಮೇವು ಇರಲಿಲ್ಲ. ಇಟ್ಕೊಂಡ್ರ ಎರಡೂ ಸಾಯ್ತಿದ್ವು. ಅವಾಗ ಮೂರು ತಿಂಗಳ ಲೆಕ್ಕ ಯಾರು ಹಾಕ್ತಾರ?” ಅವನ ಮಾತೂ ಖರೇ. ನಾನು ಎರಡು ದಿನ ವಿಚಾರ ಮಾಡಿದೆ. ಬರಗಾಲದಾಗ ಮಾರಲೇಬೇಕು ಅಂದ್ರ ತಾಯಿ ಮರಿ ಎರಡನ್ನೂ ಒಬ್ಬರಿಗೇ ಮಾರಬೇಕು, ನೂರು ರೂಪಾಯಿ ಕಡಿಮೆ ಬಂದರೂ ಸೈ. ನಮ್ಮ ಹಬ್ಬವೇ ಇದನ್ನ ಹೇಳತದ. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಮಣ್ಣಿನ ಎತ್ತು ತರ್ತೀವಿ. ಯಾರಾದರೂ ಒಂದೇ ಎತ್ತು ತಂದು ಪೂಜೆ ಮಾಡಿದ್ದು ನೋಡೀರೇನು? ಜೋಡಿನೇ ತರಬೇಕು. ಮಣ್ಣಿನ ಎತ್ತಿಗೆ ಜೋಡಿ ಬೇಕು ಅಂದ್ರ ಜೀವ ಇದ್ದದ್ದಕ್ಕ ಬೇಡೇನು? ಅಪ್ಪ “ಹ್ಞೂಂ” ಅಂದ. ಹ್ಞೂಂ ಅಂದ್ರ ಒಪ್ಪಿದ ಅಂತಲೋ, ಸಾಕು ಮಾಡು ಅಂತಲೋ ತಿಳಿದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆಗೆ ದೊಡ್ಡ ಪ್ರವಾಹ ಬಂದು ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತ್ತು. ಆಗ ಹೊಳಿ ದಂಡಿಯ ಊರವರು ದನಕರ ಬಿಟ್ಟು ಬರಾಕ ಒಲ್ಲೆ ಅಂದಿದ್ದನ್ನ ಆಯಿ ಹೇಳತಾಳ. ಭಾಂಡೆ ಬಿಟ್ಟರು, ಹಾಸಿಗಿ ಬಿಟ್ಟರು, ಎಮ್ಮಿ ಹಗ್ಗ ಬಿಡಲಿಲ್ಲ. ರೊಕ್ಕದ ಆಸೆಗೆ ಅಂತ ಯಾರಾದರೂ ಅನ್ನಬಹುದು. ಬರೇ ರೊಕ್ಕಕ್ಕ ಆಗಿದ್ದರ ಎಮ್ಮಿಯ ಹೆಸರು ಹಿಡಿದು ಅಳತಿರಲಿಲ್ಲ.

ಕಡೀ ಮಾತು. ನಮ್ಮ ಆಡು ಮತ್ತ ಗಬ್ಬ ಅದ. ಐದು ತಿಂಗಳ ಲೆಕ್ಕಕ್ಕ ಸಂಕ್ರಾಂತಿ ಆಜೂಬಾಜೂ ಹಾಕತದ ಅಂತ ಆಯಿ ಹೇಳ್ಯಾಳ. ನೋಡಾಕ ಬರೋರೆಲ್ಲ ಬರ್ರಿ, ಗುರುಗಳೂ ಬರ್ರಿ. ಮೊದಲನೇ ದಿನ ಹಿತ್ತಲ ಬಾಗಿಲ ಹೊರಗೆ ನಿಂತು ನೋಡಬೇಕು, ಒಳಗ ಬಿಡೋದಿಲ್ಲ. ಮೂರನೇ ದಿನದಿಂದ ಒಬ್ಬೊಬ್ಬರಾಗಿ ಮುಟ್ಟಬಹುದು. ಸೋಪು ಮಾತ್ರ ತರಬ್ಯಾಡ್ರಿ.

— 7ನೇ ಇಯತ್ತೆ ವಿದ್ಯಾರ್ಥಿನಿ, ಕಮತಗಿ